ಸೋತವಳ ಪೇಢೆ

೨೩೦೪ನೇ ಇಸವಿ, ಹದಿಮೂರನೇ ತಿಂಗಳು, ಮೂರನೇ ತಾರೀಖು.

ನ್ಯಾಯಾಧೀಶರಾದ ಅಂಬುಜಾ ಹಳ್ಯಾಳ ಅವರಿಗೆ ಶರಣು. ನಿಮ್ಮ ಕಾಲಕ್ಕಿಂತ ಬಹಳ ಮುಂದಿನಿಂದ ಬರೆಯುತ್ತಿದ್ದೇನೆ. ಬೇಸಿಗೆ ಉದ್ದವಾಗಿ ನಮಗೊಂದು ತಿಂಗಳು ಹೆಚ್ಚಾಗಿದೆ, ತಾರೀಖು ಕಂಡು ಗಾಬರಿಯಾಗಬೇಡಿ. ನನ್ನ ಕನ್ನಡ ವಿಚಿತ್ರವಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನ ಹೆಸರೂ ಅಂಬುಜಾ. ನಮ್ಮಲ್ಲಿ ತೀರ್ಪು ಕೊಡುವುದು ‘ತೂಗುಮಣೆ’ ಎಂಬ ಯಂತ್ರ. ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳಿಬಿಡುತ್ತದೆ. ಹಾಳಾದ್ದು, ತಪ್ಪುವುದೇ ಇಲ್ಲ! ಆಮೇಲಿನದು ನನ್ನ ಕೆಲಸ, ನಾನು ‘ತಿಳಿಹೇಳುವಾಕೆ’. ಸೋತವರನ್ನು ಬೆಂಚಿನ ಮೇಲೆ ಕೂರಿಸಿ, ನೀರು ಕೊಟ್ಟು, ಯಾಕೆ ಸೋತರೆಂದು ಅವರದೇ ಮಾತಿನಲ್ಲಿ ಹೇಳಬೇಕು. ಅವರು ಅದನ್ನು ತಿರುಗಿ ಹೇಳುವ ತನಕ ಬಾಗಿಲು ಹಾಕುವಂತಿಲ್ಲ. ನಿನ್ನೆ ಒಬ್ಬ ಅಜ್ಜ ಮೂರು ತಾಸು ಜಗಳಾಡಿ, ಕೊನೆಗೆ “ಹೂಂ ತಂಗಿ, ತಪ್ಪು ನಂದ ಐತಿ” ಎಂದು ಎದ್ದ. ಈ ಪದ್ಧತಿಗೆ ಜನ ‘ಅಂಬುಜಮ್ಮನ ಬೆಂಚು’ ಎನ್ನುತ್ತಾರೆ. ನಿಮ್ಮ ಕಾಲದಲ್ಲಿ ಸಾವಿರ ಪುಟದ ತೀರ್ಪು ಬರೆದವರ ಹೆಸರು ಇಲ್ಲಿ ಒಬ್ಬರಿಗೂ ನೆನಪಿಲ್ಲ.

ಇದಕ್ಕೆಲ್ಲ ಕಾರಣ ನಮ್ಮ ವಂಶದ ಅಜ್ಜಿ ಫಕೀರವ್ವ. ಹಿತ್ತಲ ಗೋಡೆ ತನ್ನದೆಂದು ಹತ್ತು ವರ್ಷ ಕೋರ್ಟಿಗೆ ಅಲೆದವಳು. ನೀವು ಇಂಗ್ಲಿಷಿನಲ್ಲಿ ಎರಡು ಸಾಲಿನ ತೀರ್ಪು ಓದಿದಿರಿ, ಅವಳ ವಕೀಲರು ಸರಸರ ಹೊರಟುಹೋದರು. ಇಂಗ್ಲಿಷ್ ತಿಳಿಯದೆ ಗೆದ್ದೆನೆಂದುಕೊಂಡು ಕೈಮುಗಿದ ಅಜ್ಜಿ ಕೋರ್ಟಿನ ಮೆಟ್ಟಿಲ ಮೇಲೆ ಪೇಢೆ ಹಂಚತೊಡಗಿದಳು. ಅದನ್ನು ಕಂಡ ನೀವು ಅವಳನ್ನು ಒಳಗೆ ಕರೆದು, ಬೆಂಚಿನಲ್ಲಿ ಪಕ್ಕಕ್ಕೇ ಕೂತು, ಗೋಡೆ ನೆರೆಯವರದೆಂದು ಹಳೆಯ ಖರೀದಿಪತ್ರ ಹೇಳುವುದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದಿರಂತೆ. ಅಜ್ಜಿ ಅತ್ತಳು, ನಿಮ್ಮನ್ನೂ ಬೈದಳು. ಆಮೇಲೆ “ಸೋತದ್ದು ತಿಳೀತ್ರಿ ಬಾಯಾರ. ಹತ್ತು ವರ್ಷದಾಗ ಯಾರೂ ಹಿಂಗ ಕುಂತು ಹೇಳಿದ್ದಿಲ್ಲ” ಎಂದು ಡಬ್ಬಿ ಮುಂದೆ ಹಿಡಿದಳಂತೆ. ಕಕ್ಷಿದಾರರಿಂದ ಏನೂ ತೆಗೆದುಕೊಳ್ಳಬಾರದೆಂದು ನೀವು ಪೇಢೆ ಮುಟ್ಟಲಿಲ್ಲ. ಅಜ್ಜಿ ಸಾಯುವ ತನಕ ಅದನ್ನೂ ಹೊಗಳಿದಳು. ಮೊಮ್ಮಗಳಿಗೆ ನಿಮ್ಮ ಹೆಸರಿಟ್ಟಳು. ಅಂದಿನಿಂದ ನಮ್ಮ ಮನೆಯಲ್ಲಿ ತಲೆಮಾರಿಗೊಬ್ಬಳು ಅಂಬುಜಾ.

ಕಾಗದದ ಕಟ್ಟು, ಗರಗರ ಎನ್ನುವ ಫ್ಯಾನು, ಬಾಗಿಲಲ್ಲಿ ಮೂರು ಸಲ ಹೆಸರು ಕೂಗುವ ಜವಾನ... ಒಂದನ್ನೂ ನಾನು ಕಂಡವಳಲ್ಲ. ಆದರೂ ಅಜ್ಜಿಯ ಕತೆ ಹೇಳುವಾಗೆಲ್ಲ, ತವರು ನೆನೆದಂತಾಗುತ್ತದೆ.

ಈ ಪತ್ರ ಮುಟ್ಟುವ ಹೊತ್ತಿಗೆ ನೀವು ಆ ಎರಡು ಸಾಲು ಓದಿ ಮುಗಿಸಿರುತ್ತೀರಿ. ಕಾರು ಹಿಂಬಾಗಿಲಲ್ಲಿ ನಿಂತಿರುತ್ತದೆ, ಅಲ್ಲಿಂದ ಹೋದರೆ ಮೆಟ್ಟಿಲು ಕಾಣುವುದಿಲ್ಲ. ನಮಗೆ ಆಗಿಹೋದದ್ದು ನಿಮಗೆ ಇನ್ನೂ ಆಗಬೇಕಿದೆ, ನನ್ನ ಹೆದರಿಕೆ ಅದೇ. ಇವತ್ತೊಂದು ದಿನ ಮುಂಬಾಗಿಲಿಂದ ಹೋಗಿ ತಾಯಿ. ಫಕೀರವ್ವ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಾಳೆ.