ಕರು ಕೊಟ್ಟು ತಂದ ಚಾಕು

ಆವತಿ, ದೇವನಹಳ್ಳಿ ತಾಲ್ಲೂಕು
ಸರ್ವಜಿತು ಸಂವತ್ಸರದ ಕಾರ್ತೀಕ ಬಹುಳ, ಶುಕ್ರವಾರ
5-12-1947

ಪ್ರೀತಿಯ ಅತ್ತೆಮ್ಮನವರಿಗೆ, ಸೊಸೆ ಗಂಗಲಕ್ಷ್ಮಮ್ಮ ಅಡ್ಡಬಿದ್ದು ಬರೆಯುವುದು.

ಮಂಡಿನೋವು ಹೇಗಿದೆ? ಕೋಲಾರದ ಕಡೆ ಚಳಿ ಜೋರಂತೆ. ಕೋಳಿ ಕೂಗುವ ಮೊದಲೇ ಎದ್ದು ತಣ್ಣೀರಿಗೆ ಕೈಯಿಡುತ್ತೀರಿ ಎಂದು ನನಗೆ ಗೊತ್ತು; ಬೇಡವೆಂದರೆ ಕೇಳುವವರೂ ಅಲ್ಲ. ಬಾಣಂತಿ ಕದಿರಮ್ಮನಿಗೆ ಮೈ ಸುಧಾರಿಸಿತೇ? ಸಬ್ಬಸಿಗೆ ಸೊಪ್ಪು ಮಾಡಿ ಹಾಕಿ, ಹಾಲಿಗೆ ಒಳ್ಳೆಯದು. ಕೂಸಿನ ಕಿವಿ ನಮ್ಮ ಮಾವನವರ ಕಿವಿಯ ಹಾಗೇ ಅಗಲವಾಗಿದೆ ಎಂದು ಕೇಳಿ ನಿಮ್ಮ ಮಗ ಎರಡು ದಿನ ತಮ್ಮ ಕಿವಿಯನ್ನೇ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಈ ಕಾಗದವನ್ನು ನಿಮಗೆ ಓದಿ ಹೇಳುವವರು ಕದಿರಮ್ಮನ ಯಜಮಾನರು, ನಮ್ಮ ಮೇಷ್ಟ್ರಣ್ಣ. ಅವರು ನನ್ನ ಕಾಗದ ಓದುವಾಗ ನಡುನಡುವೆ ತಪ್ಪು ತಿದ್ದುತ್ತಾರೆ ಎಂದು ಕದಿರಮ್ಮ ಹೇಳಿಕಳಿಸಿದ್ದಳು. ಅಣ್ಣಾ, ಈ ಸಲ ತಿದ್ದಬೇಡಿ. ಬರೆದದ್ದನ್ನು ಬರೆದ ಹಾಗೇ ಗಟ್ಟಿಯಾಗಿ ಓದಿ. ಈ ಸಲ ನಾನು ಗೆದ್ದಿದ್ದೇನೆ.

ಅತ್ತೆಮ್ಮ, ನೀವು ಆಷಾಢದಲ್ಲಿ ಮಗಳ ಬಾಣಂತನಕ್ಕೆಂದು ಗಾಡಿ ಹತ್ತುವ ಮೊದಲು ಬಾವಿಯ ಹತ್ತಿರದ ಚಕ್ಕೋತದ ಮರವನ್ನು ತಬ್ಬಿಕೊಂಡು ನಿಂತದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಬುಡದಲ್ಲಿ ಪೊಟರೆ ಬಿದ್ದು ಒಳಗೆಲ್ಲ ಪುಡಿಪುಡಿ. "ನಾ ಬರೋ ಹೊತ್ಗೆ ನೀನಿರಲ್ಲ ಕಣೋ" ಎಂದಿರಿ ಮರಕ್ಕೆ. ಸೆರಗಿನಲ್ಲಿ ಕಣ್ಣೊರಸಿಕೊಂಡು ಗಾಡಿಯಲ್ಲಿ ಆ ಕಡೆ ಮುಖ ಮಾಡಿ ಕುಳಿತಿರಿ. ಮಾವನವರು ನೆಟ್ಟ ಮರ. ಒಳಗೆ ಅಷ್ಟು ಕೆಂಪು, ಅಷ್ಟು ಸಿಹಿ ತೊಳೆ ಇಡೀ ಆವತಿಯಲ್ಲಿ ಇನ್ನೊಂದು ಮರಕ್ಕಿಲ್ಲ. ಬೀಜ ಹಾಕಿದರೆ ಹುಳಿಹುಳಿಯಾಗಿ ಏನೋ ಒಂದು ಬರುತ್ತದೆ, ತಾಯಿಯ ಗುಣ ಬರುವುದಿಲ್ಲ. ಕೊಂಬೆಯ ಸುತ್ತ ತೊಗಟೆ ಬಿಡಿಸಿ, ಹಸಿಮಣ್ಣು ಕಟ್ಟಿ, ಮರದ ಮೇಲೇ ಬೇರು ಬರಿಸಬೇಕು. ನಿಮ್ಮ ಮಗ ಎಷ್ಟು ಮಳೆಗಾಲ ಅದನ್ನು ಮಾಡಿದರೋ! ಕುಡುಗೋಲಿನಲ್ಲಿ ಮಾಡಿದಾಗಲೆಲ್ಲ ತೊಗಟೆ ಹರಿದು, ಒಳಗಿನ ಕಟ್ಟಿಗೆಗೂ ಗಾಯವಾಗಿ ಕೊಂಬೆ ಒಣಗಿತು. ಈ ಮಳೆಗಾಲವೂ ತಪ್ಪಿದರೆ ಆ ಹಣ್ಣು ಮುಗಿದಂತೆ. ನಾನು ಮದುವೆಯಾಗಿ ಬಂದ ದಿನ ತವರು ನೆನೆಸಿಕೊಂಡು ಅನ್ನ ಮುಟ್ಟದೆ ಮೂಲೆಯಲ್ಲಿ ಕುಳಿತಿದ್ದಾಗ ನೀವು ಬಂದು ಅದೇ ಹಣ್ಣು ಸುಲಿದು ಒಂದೊಂದೇ ತೊಳೆ ನನ್ನ ಕೈಗೆ ಇಟ್ಟಿದ್ದಿರಿ. ಅದು ನನಗೆ ಮರೆಯುವುದಿಲ್ಲ.

ನೀವು ಹೋದ ಮೇಲೆ ಕೆಳಬೀದಿಯ ಮುನಿವೆಂಕಟಪ್ಪ ನಮ್ಮ ಮನೆಗೆ ಬಂದ, ಅದೇ, ಮಿಲಿಟರಿಗೆ ಸೇರಿದ್ದು ಯುಗಾದಿಗೆ ಊರಿಗೆ ಮರಳಿದವನು. ಯುದ್ಧ ಮುಗಿದ ಮೇಲೆ ಅವನ ಪಟಾಲಮ್ಮನ್ನು ಜಪಾನಿಗೇ ಕಾವಲಿಗೆ ಕಳಿಸಿದ್ದರಂತೆ. ಅಲ್ಲಿಂದ ಒಂದು ಮಡಿಚುವ ಚಾಕು ತಂದಿದ್ದ. ಹಿತ್ತಾಳೆಯ ಹಿಡಿ, ಅಂಗೈಯಲ್ಲಿ ಮುಚ್ಚಿ ಹೋಗುವಷ್ಟು. ಹಿಂದೆ ಒಂದು ಚಿಕ್ಕ ನಾಲಗೆ ಇದೆ, ಹೆಬ್ಬೆರಳಿನಲ್ಲಿ ಒತ್ತಿದರೆ ಅಲಗು ಹೊರಗೆ ಬರುತ್ತದೆ. ಅದನ್ನು ಮಾಡಿದವನು ತಲೆತಲಾಂತರದಿಂದ ಕತ್ತಿ ಮಾಡುವ ಮನೆತನದವನಂತೆ. ಸೋತ ಮೇಲೆ ಕತ್ತಿ ಮಾಡಬಾರದೆಂದು ಹುಕುಂ ಆಗಿ, ಈಗ ತೋಟದ ಕೆಲಸಕ್ಕೆ ಚಾಕು ಬಡಿಯುತ್ತಾನಂತೆ. ಮುನಿವೆಂಕಟಪ್ಪ ತನ್ನ ಪಾಲಿನ ಸಿಗರೇಟು, ಡಬ್ಬಿ ಹಾಲು, ಒಂದು ಉಣ್ಣೆಯ ಕೋಟು, ಎಲ್ಲ ಕೊಟ್ಟು ಕೊಂಡದ್ದು. ಬೆಲೆ ಏನಪ್ಪಾ ಎಂದರೆ, ನನ್ನ ತವರಿನಿಂದ ಬಳುವಳಿಯಾಗಿ ಬಂದ ಹಸುವಿನ ಕರು, ನಮ್ಮ ಕೆಂದಿ, ಅದನ್ನು ಕೊಡಿ ಎಂದ. ಮನೆಯಲ್ಲಿ ಹೆಂಡತಿ ಬಸುರಿ, ಹಟ್ಟಿಯಲ್ಲಿ ಹಾಲಿಲ್ಲ. "ನೋಟು ಖರ್ಚಾಗೋಯ್ತದೆ ಅಕ್ಕಾ, ಕರು ಹಸು ಆಯ್ತದೆ" ಎಂದ. ನೋಡಿ ಹೇಳಿ ಎಂದು ಚಾಕುವನ್ನು ಒಂದು ದಿನಕ್ಕೆ ಬಿಟ್ಟುಹೋದ.

ಪಕ್ಕದ ತೋಟದ ದೊಡ್ಡಬೀರಪ್ಪಣ್ಣನಿಗೆ ಸುದ್ದಿ ಮುಟ್ಟಲು ಎಷ್ಟು ಹೊತ್ತು ಬೇಕು, ನೀವೇ ಹೇಳಿ. ಬಂದವರೇ ಜಗಲಿಯ ಮೇಲೆ ಕುಳಿತು ಚಾಕುವನ್ನು ಮುಚ್ಚಿ ತೆಗೆದು, ತೆಗೆದು ಮುಚ್ಚಿ, ಜಪಾನ್ ಮಾಲು ಎಂದರು. ವಿಜಯಪುರದ ಸಂತೆಯಲ್ಲಿ ಮಾರುತ್ತಿದ್ದ ಜಪಾನಿನ ತಗಡಿನ ಕೋಳಿ ಮನೆ ಮುಟ್ಟುವುದರೊಳಗೆ ಕಾಲು ಮುರಿದುಕೊಂಡದ್ದು, ಜಪಾನಿನ ಬಾಚಣಿಗೆ ಅವರ ಮಗಳ ತಲೆಯಲ್ಲೇ ಹಲ್ಲು ಬಿಟ್ಟದ್ದು, ಎಲ್ಲ ಪುರಾಣ ಆಯಿತು. ಅಷ್ಟು ಚೆನ್ನಾಗಿ ಉಕ್ಕು ಮಾಡುವವರು ಯುದ್ಧ ಯಾಕೆ ಸೋಲುತ್ತಿದ್ದರು ಎಂದೂ ಕೇಳಿದರು. ಆದರೂ ಅಂಗೈಯ ಮೇಲಿಟ್ಟುಕೊಂಡಾಗ ಆ ಚಾಕು ಸುಳ್ಳು ಹೇಳುತ್ತಿದೆ ಎಂದು ನನಗೆ ಅನ್ನಿಸಲಿಲ್ಲ. ನಿಮ್ಮ ಮಗ ಎಂದಿನಂತೆ ಅವರು ಮಾತಾಡಿದಾಗ ಆ ಕಡೆ, ನಾನು ಮಾತಾಡಿದಾಗ ಈ ಕಡೆ ತಲೆ ಆಡಿಸಿದರು.

ಸಂಜೆ ನಿಮ್ಮ ಮಗ ನಿಮ್ಮ ಪದ್ಧತಿ ಬಿಡಬಾರದೆಂದು ಒಂದು ಕೆಲಸ ಮಾಡಿದರು. ಮನೆಗೆ ಹೊಸ ಕಬ್ಬಿಣ ಬಂದರೆ, ನೇಗಿಲ ಕುಳವಾಗಲಿ ಕುಡುಗೋಲಾಗಲಿ, ಅದರಲ್ಲಿ ಮೊದಲು ನಿಂಬೆಹಣ್ಣು ಕೊಯ್ದು, ಕುಂಕುಮ ಇಟ್ಟು, ಅಲಗು ಒರೆಸದೆ ದೇವರ ಮುಂದೆ ಇಡುವುದು ನಮ್ಮ ಮನೆಯ ನೇಮವಲ್ಲವೇ. ಒರೆಸಿದರೆ ಲಕ್ಷ್ಮಿಯನ್ನು ಒರೆಸಿದಂತೆ ಎಂದು ನೀವೇ ನನಗೆ ಹೇಳಿಕೊಟ್ಟದ್ದು. ಇದು ನಮ್ಮದಲ್ಲ, ಇನ್ನೂ ಕೊಂಡಿಲ್ಲ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ, ಅತ್ತೆಮ್ಮ, ಕನ್ನಡಿಯ ಹಾಗಿದ್ದ ಅಲಗು ಬಾಣಲೆಯ ತಳದ ಹಾಗೆ ಕಪ್ಪಾಗಿತ್ತು. ದೊಡ್ಡಬೀರಪ್ಪಣ್ಣ ಅಷ್ಟು ಹೊತ್ತಿಗೇ ಹಲ್ಲುಕಡ್ಡಿ ಕಚ್ಚಿಕೊಂಡು ಹಾಜರು. "ಒಂದೇ ರಾತ್ರೀಗೆ ಬಣ್ಣ ಬಯಲಾಯ್ತಲ್ಲ ಕಣಮ್ಮ" ಎಂದು ನಕ್ಕರು. ಇನ್ನೊಬ್ಬರ ಸೊತ್ತು ಕೆಡಿಸಿದ ಮೇಲೆ ಕೊಳ್ಳದೆ ವಿಧಿಯಿಲ್ಲ, ಕೆಟ್ಟ ಚಾಕುವಿಗೆ ಕರು ಹೋಯಿತು ಎಂದು ನಿಮ್ಮ ಮಗ ತಲೆಯ ಮೇಲೆ ಕೈಹೊತ್ತು ಕುಳಿತರು.

ನಾನು ಸಿಟ್ಟಿನಿಂದ ಚಾಕುವನ್ನು ಅಡಿಗೆಮನೆಗೆ ಒಯ್ದೆ. ಬೂದಿ ಹಾಕಿ ತಿಕ್ಕೋಣ ಎಂದು ಕುಳಿತಾಗ ಎದುರಿಗೆ ನಿಮ್ಮ ಈಳಿಗೆಮಣೆ ಇತ್ತು. ಅದರ ಅಲಗೂ ಕಪ್ಪು. ಮಾವಿನಕಾಯಿ, ಬಾಳೆಕಾಯಿ, ನಿಂಬೆ ಕೊಯ್ದು ಕೊಯ್ದು ಬಂದ ಕಪ್ಪು. ಕೂದಲು ಇಟ್ಟರೂ ಎರಡಾಗುತ್ತದೆ. ಅದರ ಪಕ್ಕದಲ್ಲೇ ನಾನು ಆಸೆಪಟ್ಟು ಸಂತೆಯಲ್ಲಿ ತಂದಿದ್ದ ಬಿಳಿ ಚಾಕು ಇತ್ತಲ್ಲ, ಯಾವ ಹುಳಿಗೂ ಬಣ್ಣ ಬಿಡದ್ದು, ಅದು ಬದನೆಕಾಯಿಯನ್ನೂ ಜಜ್ಜುತ್ತದೆ ಹೊರತು ಕೊಯ್ಯುವುದಿಲ್ಲ. ಬೂದಿಯನ್ನು ಪಕ್ಕಕ್ಕೆ ತಳ್ಳಿದೆ. ಚಾಕುವಿಗೆ ನೀರು ಹಾಕಿ ತೊಳೆದು ಬಾಗಿಲ ಬೆಳಕಿಗೆ ಹಿಡಿದೆ. ಅಲಗಿನ ಉದ್ದಕ್ಕೂ, ಸೀರೆಯ ಅಂಚಿನ ಹಾಗೆ, ಒಂದು ಗೆರೆ ಎದ್ದಿತ್ತು! ಗೆರೆಯಿಂದ ಬೆನ್ನಿನ ಕಡೆ ಒಂದು ಬಣ್ಣ, ಬಾಯಿಯ ಕಡೆ ಇನ್ನೊಂದು ಬಣ್ಣ. ನಿನ್ನೆಯ ಹೊಳಪಿನಲ್ಲಿ ಅದು ಕಂಡಿರಲೇ ಇಲ್ಲ. ದೇವನಹಳ್ಳಿಯ ಆಚಾರಿ ನಮ್ಮ ಕೊಡಲಿಯ ಬಾಯಿಗೆ ಉಕ್ಕು ಹಾಕಿಕೊಟ್ಟಾಗ ನೀವು ನನಗೆ ತೋರಿಸಿದ್ದು ಇದೇ ಗೆರೆಯನ್ನು. ಬೆನ್ನಿಗೆ ಮೆತ್ತನೆ ಕಬ್ಬಿಣ, ಬಾಯಿಗೆ ಉಕ್ಕು, ಎರಡನ್ನೂ ಕಾಯಿಸಿ ಒಂದು ಮಾಡಿ ಬಡಿದ ಕೆಲಸ. ತಗಡಿನ ಕೋಳಿ ಮಾಡುವವನು ಇಷ್ಟು ಕಷ್ಟ ಪಡುತ್ತಾನೆಯೇ? ನಿಮ್ಮ ನಿಂಬೆಹಣ್ಣು ಚಾಕುವನ್ನು ಕೆಡಿಸಲಿಲ್ಲ ಅತ್ತೆಮ್ಮ, ಅದರ ಜಾತಕ ತೆಗೆದಿಟ್ಟಿತು.

ಇನ್ನು ಮುಂದಿನದು ಕೇಳಿ ನೀವು ಬೈದರೂ ಬೈಯಿರಿ. ಮುನಿವೆಂಕಟಪ್ಪ ಬಂದು ಕಪ್ಪು ಅಲಗು ನೋಡಿದವನೇ ಪಾಪ, ಮುಖ ಸಣ್ಣ ಮಾಡಿಕೊಂಡ. ತಾನೇ ಮೋಸ ಹೋದೆ ಎಂದುಕೊಂಡ. "ಕರು ಬ್ಯಾಡ ಬಿಡಕ್ಕಾ, ಒಂದ್ ಜೊತೆ ಕೋಳಿ ಕೊಟ್ಬುಡಿ ಸಾಕು" ಎಂದ. ನಿಮ್ಮ ಮಗ ಕೋಳಿ ಹಿಡಿಯಲು ಎದ್ದೇ ಬಿಟ್ಟಿದ್ದರು. ನಾನು ಕೂರಿಸಿದೆ. ಗೆರೆಯನ್ನು ನಾನು ಕಂಡಾಗಿತ್ತು. ಗೊತ್ತಿದ್ದೂ ಗೊತ್ತಿಲ್ಲದವನಿಂದ ಕೋಳಿಗೆ ಕೊಂಡರೆ ಆ ಚಾಕುವಿನಿಂದ ಮಾವನವರ ಮರಕ್ಕೆ ಕೈಹಾಕಲು ನನಗೆ ಮನಸ್ಸು ಬರುತ್ತಿತ್ತೇ? ಅವನಿಗೆ ಗೆರೆ ತೋರಿಸಿದೆ, ಕೊಡಲಿ ತಂದು ಪಕ್ಕದಲ್ಲಿಟ್ಟು ತೋರಿಸಿದೆ. ಆಮೇಲೆ ಕೆಂದಿಯ ಹಗ್ಗ ಬಿಚ್ಚಿ ಅವನ ಕೈಗೆ ಕೊಟ್ಟೆ. ಕೊಡುವಾಗ ಅಳು ಬಂತು, ಸುಳ್ಳು ಹೇಳುವುದಿಲ್ಲ. ಅವಳು ಮೂಲೆ ತಿರುಗುವವರೆಗೂ ಅಂಬಾ ಎನ್ನುತ್ತಲೇ ಹೋದಳು. ಕೈಯಿಂದ ಕೈಗೆ ಕತ್ತಿ ಕೊಟ್ಟರೆ ಜಗಳವಾಗುತ್ತದೆಂದು ಮುನಿವೆಂಕಟಪ್ಪ ಚಾಕುವನ್ನು ನೆಲದ ಮೇಲಿಟ್ಟ, ನಾನು ಎತ್ತಿಕೊಂಡೆ. ಕೆಂದಿ ಹಾಕುವ ಮೊದಲ ಹೆಣ್ಣುಗರು ನಮ್ಮ ಹಟ್ಟಿಗೇ ಎಂದು ಅವನು ತಾನಾಗಿ ಮಾತು ಕೊಟ್ಟು ಹೋದ.

ಕೊಂಬೆಯ ತೊಗಟೆ ಬಿಡಿಸಿದವಳು ನಾನೇ. ನಿಮ್ಮ ಮಗನ ಕೈ ನೇಗಿಲಿಗೆ ಸರಿ. ಏಣಿ ಹಿಡಿದುಕೊಳ್ಳಿ ಎಂದೆ, ಹಿಡಿದುಕೊಂಡರು. ಬೆರಳು ದಪ್ಪದ ಕೊಂಬೆಯ ಸುತ್ತ ಅಲಗನ್ನು ಒಮ್ಮೆ ತಿರುಗಿಸಿದೆ, ಸ್ವಲ್ಪ ಕೆಳಗೆ ಇನ್ನೊಮ್ಮೆ. ತೊಗಟೆ ಬಳೆ ಕಳಚಿದ ಹಾಗೆ ಕಳಚಿಕೊಂಡು ಬಂತು. ಒಳಗಿನ ಬಿಳಿ ಕಟ್ಟಿಗೆಯ ಮೇಲೆ ಒಂದು ಗೀರಿಲ್ಲ. ಕೆಂಪುಮಣ್ಣು, ಹಳೆಯ ಸಗಣಿಗೊಬ್ಬರ ಕಲಸಿ ಮೆತ್ತಿ, ಗೋಣಿಯ ತುಂಡು ಸುತ್ತಿ ಕಟ್ಟಿದೆವು. ಇನ್ನೂ ಕೆಲವು ಕೊಂಬೆಗಳಿಗೂ ಹಾಗೇ ಮಾಡಿದೆವು. ಮೇಲೆ ತೂತಿನ ಮಡಕೆ ತೂಗುಹಾಕಿ ತೊಟ್ಟುತೊಟ್ಟು ನೀರು ಬಿಟ್ಟೆವು. ಅದಾದ ಮೇಲೆ ಊರವರ ಬಾಯಿಗೆ ನಾನೇ ಎಲೆಅಡಿಕೆಯಾದೆ. ನೀರಿಗೆ ಹೋದರೆ ಕರು ಕೊಟ್ಟು ಚೂರಿ ತಂದವಳು, ಅಂಗಡಿಗೆ ಹೋದರೆ ಜಪಾನ್ ಗಂಗಮ್ಮ. ಸ್ವತಂತ್ರ ಬಂತೆಂದು ಚಾವಡಿಯ ಮುಂದೆ ಬಾವುಟ ಹಾರಿಸಿ ಪೆಪ್ಪರ್‌ಮಿಂಟು ಹಂಚಿದ ದಿನವೂ ದೊಡ್ಡಬೀರಪ್ಪಣ್ಣ ಬಿಡಲಿಲ್ಲ, ಬ್ರಿಟಿಷರು ಹೋದರು, ಗಂಗಮ್ಮನ ಮನೆಗೆ ಜಪಾನಿನವರು ಬಂದರು ಎಂದು ಎಲ್ಲರೆದುರು ಹಾಸ್ಯ ಮಾಡಿದರು. ಬೇರು ಬರದಿದ್ದರೆ ನೀವು ಬರುವ ದಿನ ನಾನು ತವರಿಗೆ ಓಡಿಹೋಗುವುದೇ ಎಂದು ನಿಶ್ಚಯಿಸಿದ್ದೆ. ಆದರೆ ಅಲ್ಲಿಗೆ ಹೋದರೆ ಕೆಂದಿಯನ್ನು ಕೇಳುತ್ತಾರಲ್ಲ!

ಬಂತು ಅತ್ತೆಮ್ಮ, ಬೇರು ಬಂತು. ದೀಪಾವಳಿಯ ಆಸುಪಾಸಿನಲ್ಲಿ ಒಂದು ಗೋಣಿಯ ಸಂದಿಯಿಂದ ಶಾವಿಗೆಯ ಎಳೆಯಂಥ ಬೆಳ್ಳನೆಯ ಬೇರು ಇಣುಕಿತು. ನಾನು ಏಣಿಯ ಮೇಲಿಂದಲೇ ಕೂಗಿದ್ದಕ್ಕೆ ನಿಮ್ಮ ಮಗ ನಾನು ಬಿದ್ದೆನೆಂದು ಓಡಿ ಬಂದರು. ಒಂದು ಕೊಂಬೆ ಮಾತ್ರ ಒಣಗಿತು, ಉಳಿದವೆಲ್ಲ ಹಿಡಿದವು. ಮರದಿಂದ ಇಳಿಸಿ ಒಡಕು ಗಡಿಗೆಗಳಲ್ಲಿ ಕೂರಿಸಿ ಬಾಗಿಲ ಪಕ್ಕ ಸಾಲಾಗಿ ನಿಲ್ಲಿಸಿದ್ದೇನೆ. ಅವು ನಿಂತು ಚಿಗುರುವವರೆಗೆ ಕಾಗದ ಬರೆಯುವುದಿಲ್ಲ ಎಂದು ಬಾಯಿ ಕಟ್ಟಿಕೊಂಡಿದ್ದೆ, ಅದಕ್ಕೇ ಇಷ್ಟು ತಡ. ಮೊನ್ನೆ ದೊಡ್ಡಬೀರಪ್ಪಣ್ಣ ಬಂದು, ಹವಾ ಹೇಗಿದೆ, ರಾಗಿ ಹೇಗಿದೆ ಎಂದು ಊರೆಲ್ಲ ಸುತ್ತಿ, ಕೊನೆಗೆ ತಮ್ಮ ನಿಂಬೆಗಿಡಕ್ಕೆ ಆ ಚಾಕು ಒಂದು ಗಳಿಗೆ ಬೇಕಿತ್ತು ಎಂದರು. ನಾನು ಚಾಕುವನ್ನು ನೆಲದ ಮೇಲಿಟ್ಟೆ. ಅವರು ಬಗ್ಗಿ ಎತ್ತಿಕೊಂಡರು. ಅವರು ಹಾಗೆ ಬಗ್ಗಿದ್ದನ್ನು ನೀವು ನೋಡಬೇಕಿತ್ತು. "ಒರೆಸ್ಕೊಡ್ಲೋ, ಹಂಗೇ ಕೊಡ್ಲೋ?" ಎಂದು ಕೇಳಿಕೊಂಡು ಹೋದರು.

ಈಗ ಕತ್ತಲಾಗುತ್ತಿದೆ, ದೀಪ ಹಚ್ಚಬೇಕು. ಕದಿರಮ್ಮನಿಗೆ ನನ್ನ ಪ್ರೀತಿ, ಕೂಸಿಗೆ ನನ್ನದೊಂದು ಮುತ್ತು, ಅಣ್ಣನವರಿಗೆ ನಮಸ್ಕಾರ. ನಿಮ್ಮ ಮಗ ನಿಮ್ಮ ಪಾದ ಮುಟ್ಟಿದ್ದೇನೆಂದು ಬರೆ ಎಂದರು, ಬರೆದಿದ್ದೇನೆ. ನಿಮ್ಮ ಆಶೀರ್ವಾದ ನನ್ನ ತಲೆಯ ಮೇಲೂ ಆ ಗಡಿಗೆಗಳ ಮೇಲೂ ಇರಲಿ.

ನಿಮ್ಮ ಸೊಸೆ,
ಗಂಗಲಕ್ಷ್ಮಮ್ಮ

ತಾ.ಕ.: ಅಣ್ಣಾ, ಇದನ್ನು ಅತ್ತೆಮ್ಮ ಊಟ ಮಾಡಿ ಕೈ ತೊಳೆದ ಮೇಲೆ ಓದಿ. ಅತ್ತೆಮ್ಮ, ಸಸಿಗಳನ್ನು ಇಳಿಸಿದ ಮರುವಾರ ಗಾಳಿಮಳೆ ಹೊಡೆದು ಮರ ಬಿತ್ತು. ಯಾರಿಗೂ ನೋವಾಗಲಿಲ್ಲ, ಬಾವಿಯ ಕಡೆ ಮೆಲ್ಲಗೆ ಒರಗಿತು. ಆ ಸೌದೆಯನ್ನು ಒಲೆಗೆ ಹಾಕಲು ನಾನು ಬಿಟ್ಟಿಲ್ಲ. ಅದು ನಿಂತಿದ್ದ ಜಾಗದ ಪಕ್ಕ ಗುಂಡಿ ತೋಡಿಸಿ ಗೊಬ್ಬರ ತುಂಬಿದ್ದೇನೆ. ಎಲ್ಲದಕ್ಕಿಂತ ಗಟ್ಟಿಯಾದ ಸಸಿಯನ್ನು ಎತ್ತಿಟ್ಟಿದ್ದೇನೆ, ನೆಡಲು ಯಾರಿಗೂ ಕೊಟ್ಟಿಲ್ಲ, ನಿಮ್ಮ ಮಗನಿಗೂ ಇಲ್ಲ. ನಾನು ಬರುವ ಹೊತ್ತಿಗೆ ನೀನಿರುವುದಿಲ್ಲ ಎಂದು ಮರಕ್ಕೆ ಹೇಳಿ ಹೋಗಿದ್ದಿರಲ್ಲ. ಇದೆ ಅತ್ತೆಮ್ಮ. ಬಂದು ನಿಮ್ಮ ಕೈಯಾರೆ ಮಣ್ಣು ಹಾಕಿ.