ಸತ್ತ ಭ್ರೂಣಗಳಿಗೆ ಚಪ್ಪಾಳೆ ಗಿಟ್ಟಿಸಿದ ನಿರ್ದೇಶಕರಿಗೆ

ಮಾನ್ಯ ಪಶುಸಂಗೋಪನಾ ನಿರ್ದೇಶಕರೇ,

ಅತಿಥಿಗಳ ಮೂಗಿಗೆ ಹಿತವಾಗಲೆಂದು ನೀವು ನಮ್ಮ ಪ್ರಯೋಗಾಲಯದಲ್ಲಿ ಬೆಳೆಯುತ್ತಿದ್ದ ಹಸುವಿನ ಭ್ರೂಣಗಳನ್ನು ಕೊಂದಿರಿ. ಸತ್ತವನ್ನೇ ಗರ್ಭಕ್ಕೆ ಸೇರಿಸಿ ಫೋಟೊ ತೆಗೆಸಿಕೊಂಡಿರಿ. ಹೇಸಿಗೆ ಎಂಬ ಪದ ಕಚೇರಿಯ ಟಿಪ್ಪಣಿಗೆ ಒಪ್ಪುವುದಿಲ್ಲ. ಅದಕ್ಕೇ ಇಲ್ಲಿ, ಎಲ್ಲರೆದುರು ಬರೆಯುತ್ತಿದ್ದೇನೆ. ನನಗೆ ಹೇಸಿಗೆಯಾಗಿದೆ.

ನಿಮಗೆ ಎಷ್ಟು ಸಲ ಹೇಳಿಲ್ಲ? ಅಂಡಾಣುವನ್ನು ಹೊರತೆಗೆದು ತಟ್ಟೆಯಲ್ಲಿ ವೀರ್ಯದೊಡನೆ ಕೂಡಿಸಿದ ಮೇಲೆ ಸುಮಾರು ಒಂದು ವಾರ ಆ ಭ್ರೂಣಕ್ಕೆ ತಾಯಿಯ ಒಡಲಿಲ್ಲ. ಎಣ್ಣೆಯ ಪದರದಡಿಯ ಒಂದು ಹನಿ ಪೋಷಕ ದ್ರವವೇ ಅದರ ಮನೆ. ಇನ್‌ಕ್ಯುಬೇಟರಿನಲ್ಲಿ ಹಸುವಿನ ಮೈಯಷ್ಟೇ ಬಿಸಿ ಇರಬೇಕು, ಆಮ್ಲಜನಕ ಕಡಿಮೆ ಇರಬೇಕು, ಬಾಗಿಲನ್ನು ಸುಮ್ಮಸುಮ್ಮನೆ ತೆರೆಯಬಾರದು. ಬಣ್ಣದ ವಾಸನೆ, ಸೆಂಟಿನ ವಾಸನೆ ಆ ಎಣ್ಣೆಗಿಳಿದರೆ ವಿಷವಾಗಬಹುದು. ಸೆಂಟು ಹಾಕಿಕೊಂಡು ಬಂದರೆ ನಮ್ಮವರನ್ನೇ ನಾವು ಒಳಗೆ ಬಿಡುವುದಿಲ್ಲ.

ಆ ವಾರ ಒಳಗಿದ್ದವು ನನ್ನ ಅಕ್ಕನ ಹಸು ಗೊಣಗಿಯ ಭ್ರೂಣಗಳು. ಹಾಲು ಕರೆಯುವಾಗಲೆಲ್ಲ ಗೊಣಗುಟ್ಟುತ್ತಿದ್ದುದರಿಂದ ಆ ಹೆಸರು. ಗರ್ಭಕೋಶ ಕೆಟ್ಟು ಹೋಗಿತ್ತು, ವಯಸ್ಸೂ ಆಗಿತ್ತು. "ಇವಳ ಹೊಟ್ಟೇದು ಒಂದು ಕರು ಉಳಿಸ್ಕೊಡೇ, ಇನ್ನೇನೂ ಕೇಳಲ್ಲ" ಎಂದಿದ್ದಳು ಅಕ್ಕ. ಆ ಭ್ರೂಣವನ್ನು ಹೊರಲು ಅವಳದೇ ಇನ್ನೊಂದು ಎಳೆಯ ಹಸುವನ್ನು ಗೊತ್ತುಮಾಡಿದ್ದೆವು.

ಪ್ರಯೋಗಾಲಯ ನೋಡಲು ಅತಿಥಿಗಳು ಬರುವ ಬೆಳಿಗ್ಗೆ ನೀವು ಸುಗಂಧದ ಸ್ಪ್ರೇ ಡಬ್ಬಿ ಹಿಡಿದು ಒಳಬಂದು ಮೂಗು ಮುಚ್ಚಿಕೊಂಡಿರಿ.

"ಏನ್ರೀ ಇದು, ಒಳ್ಳೆ ಕೊಟ್ಟಿಗೆ ನಾತ! ಬಂದೋರು ಏನಂದ್ಕೋತಾರೆ?"

"ಸರ್, ಸ್ಪ್ರೇ ಬೇಡ. ಭ್ರೂಣ ಸಾಯ್ತವೆ."

"ಸುವಾಸನೆಗೆ ಯಾರಾದ್ರೂ ಸಾಯ್ತಾರೇನ್ರೀ?"

ನಿಮ್ಮ ಕೈಯಿಂದಲೇ ಡಬ್ಬಿ ಪೂರ್ತಿ ಖಾಲಿಯಾಯಿತು. ಬಂದವರೆಲ್ಲರೂ ಇನ್‌ಕ್ಯುಬೇಟರಿನ ಬಾಗಿಲು ತೆರೆದು ಇಣುಕಿದರು. "ಎಲ್ರೀ, ಕರುನೇ ಕಾಣಿಸ್ತಿಲ್ವಲ್ಲ!" ಎಂದರು ಒಬ್ಬರು. ಎಲ್ಲರಿಗಿಂತ ಜೋರಾಗಿ ನಕ್ಕವರು ನೀವು.

ಮರುದಿನ ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಕಪ್ಪಗೆ ಒಡೆದುಹೋದ ಜೀವಕೋಶಗಳು, ಒಂದೊಂದು ತಟ್ಟೆಯಲ್ಲೂ. ಓಡಿ ಬಂದು ಹೇಳಿದೆ. ನೀವು ಫೋನಿನಿಂದ ತಲೆಯನ್ನೂ ಎತ್ತಲಿಲ್ಲ. "ಕ್ಯಾಮೆರಾದವ್ರು ಬರ್ತಿದಾರೆ, ಹಾಕ್ಬಿಡಿ. ಗರ್ಭ ನಿಲ್ಲದೇ ಇದ್ರೆ ಹಸುವಿನ ದೋಷ ಅಂದ್ರಾಯ್ತು." ನಾನು ಒಲ್ಲೆ ಎಂದೆ. ಒಲ್ಲೆ ಎನ್ನದ ವೈದ್ಯರೊಬ್ಬರು ನಿಮಗೆ ಸಿಕ್ಕರು. ಅಕ್ಕನ ಎಳೆಯ ಹಸುವಿನೊಳಗೆ ಸತ್ತ ಭ್ರೂಣ ಸೇರಿತು, ಹೊರಗೆ ಚಪ್ಪಾಳೆ ಬಿತ್ತು. ಪತ್ರಿಕೆಗಳಲ್ಲಿ ನಿಮ್ಮ ಸಾಧನೆ ಅಚ್ಚಾಯಿತು.

ಅಂದು ಸಂಜೆ ಅಕ್ಕ ಆ ಹಸುವಿಗೆ ಮೆತ್ತಗೆ ಹುಲ್ಲು ಹಾಸುತ್ತಿದ್ದಳು. ನಿಜ ಹೇಳಿದೆ. ಹುಲ್ಲು ಕೈಯಲ್ಲೇ ಉಳಿಯಿತು.

"ಸತ್ತಿದೆ ಅಂತ ಗೊತ್ತಿದ್ದೂ ಒಳಗಿಟ್ರಾ?"

ಅದು ನಿಮ್ಮನ್ನು ಕೇಳಬೇಕಾದ ಪ್ರಶ್ನೆ, ನಿರ್ದೇಶಕರೇ. ಮತ್ತೊಮ್ಮೆ ಅಂಡಾಣು ತೆಗೆಯೋಣವೆಂದರೆ, ಕಳೆದ ತಿಂಗಳು ಗೊಣಗಿಯೂ ತೀರಿಕೊಂಡಳು.

ಆ ಸುಳ್ಳು ಪ್ರಕಟಣೆಯನ್ನು ಹಿಂಪಡೆಯಿರಿ. ಪ್ರಯೋಗಾಲಯದ ಬಾಗಿಲನ್ನು ಅತಿಥಿಗಳಿಗೂ ನಿಮಗೂ ಮುಚ್ಚಿ. ನಂತರ ನನ್ನ ಅಕ್ಕನ ಎದುರು ನಿಂತು, ಏನು ಮಾಡಿದಿರೆಂದು ನಿಮ್ಮ ಬಾಯಿಂದಲೇ ಹೇಳಿ. ಹೆದರಬೇಡಿ, ಅವಳು ಕೂಗಾಡುವವಳಲ್ಲ. ಮನೆಗೆ ಬಂದವರೆಂದು ಮೊದಲು ಕುಡಿಯಲು ನೀರು ಕೊಡುತ್ತಾಳೆ. ಅದು ನಿಮ್ಮ ಗಂಟಲಲ್ಲಿ ಇಳಿಯುತ್ತದೆಯೇ, ನೋಡೋಣ.

ಇಂತಿ,
ಈ ಪತ್ರ ಅಚ್ಚಾಗುವವರೆಗಾದರೂ ನಿಮ್ಮ ಪ್ರಯೋಗಾಲಯದ ಭ್ರೂಣತಜ್ಞೆ