ಮಗ್ಗದ ಗುಂಡಿಯಲ್ಲಿ ಕೇಳಿದ ಗೋಲುಗಳು

ಸಿರುಮುಗೈ,
24-3-2025, ಸೋಮವಾರ

ಪ್ರೀತಿಯ ತಂಬಿ ದೀನಾ,

ಚೆನ್ನಾಗಿದ್ದೀಯಾ? ಹಿಮ್ಮಡಿ ನೋವು ಹೋಯಿತಾ? ಕೊಲ್ಹಾಪುರದ ಖಾರ ಹೊಟ್ಟೆಗೆ ಒಗ್ಗಿತಾ, ಇಲ್ಲ ಇನ್ನೂ ಎಲ್ಲಕ್ಕೂ ಮೊಸರು ಕಲಸಿಕೊಂಡೇ ತಿನ್ನುತ್ತೀಯಾ? ಅಮ್ಮನಿಗೆ ಮಂಡಿನೋವು ಬಿಟ್ಟರೆ ಬೇರೇನಿಲ್ಲ. ಆ ಮಂಡಿಯೂ ನಿನ್ನ ಪಂದ್ಯವಿರುವ ದಿನ ನೋಯುವುದಿಲ್ಲ. ನೀನು ಗೋಲು ಹೊಡೆದಾಗ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎಗರುವುದನ್ನು ಇಡೀ ಬೀದಿ ನೋಡಿದೆ. ನಿನ್ನ ಭಾವ ಎಂದಿನಂತೆ ಇವತ್ತು ಬೆಳಗ್ಗೆ ತಿರುಪ್ಪೂರಿನ ಬನಿಯನ್ ಕಂಪನಿಗೆ ಹೊರಟರು. ಇನ್ನು ಬರುವುದು ಶನಿವಾರ.

ಫೋನಿರುವಾಗ ಅಕ್ಕನಿಗೆ ಕಾಗದದ ಹುಚ್ಚೇಕೆ ಎಂದು ನಗಬೇಡ. ಈ ಮನೆಗೆ ನಿನ್ನ ಫೋನು ಬಂದರೆ ಸ್ಪೀಕರ್ ಹಾಕಲೇಬೇಕು, ಅರ್ಧ ಬೀದಿ ಸುತ್ತ ಕೂತು ಕೇಳುತ್ತದೆ. ತಮಿಳಿನಲ್ಲಿ ಬರೆದರೆ ನಿನ್ನ ರೂಮಿನ ಮದುರೈ ಹುಡುಗ ಓದಿಬಿಡುತ್ತಾನೆ. ಗುರುಸಾಮಿ ತಾತ ನಮ್ಮಿಬ್ಬರನ್ನೂ ಹೊಳೆಯ ಮರಳಿನಲ್ಲಿ ಕೂರಿಸಿ ಕನ್ನಡ ಅಕ್ಷರ ತಿದ್ದಿಸಿದ್ದು ಇವತ್ತಾದರೂ ಉಪಯೋಗಕ್ಕೆ ಬರಲಿ. ಮನೆಯಲ್ಲಿ ಮಾತಾಡಲು ಎಲ್ಲರಿಗೂ ಬರುತ್ತದೆ, ಓದಲು ನಮ್ಮಿಬ್ಬರಿಗೇ. ಅಮ್ಮನ ಎದುರೇ ಕೂತು ಬರೆಯುತ್ತಿದ್ದೇನೆ ನೋಡು. ಏನು ಬರೀತಿದ್ದೀಯೆ ಎಂದು ಕೇಳಿದಳು. ನಿನಗೆ ಆಶೀರ್ವಾದ ಬರೆಯುತ್ತಿದ್ದೇನೆ ಎಂದೆ. ಸಂತೋಷವಾಗಿ ಸೊಪ್ಪು ಬಿಡಿಸುತ್ತಿದ್ದಾಳೆ.

ಈ ಸೀಸನ್ನಿನ ನಿನ್ನ ಇಪ್ಪತ್ತೊಂದು ಫುಟ್‌ಬಾಲ್ ಪಂದ್ಯಗಳಲ್ಲಿ ನಾನು ಎಷ್ಟು ನೋಡಿದ್ದೇನೆ ಹೇಳು? ಒಂದು. ನೆಟ್ಟಗೆ ನೋಡಿದ್ದು ಮೊದಲನೆಯದೊಂದೇ, ಅದರಲ್ಲಿ ನೀವು ಮೂರು ಗೋಲಿನಿಂದ ಸೋತಿರಿ. ಎರಡನೆಯದರ ದಿನ ಮುಹೂರ್ತದ ಸೀರೆ ಅರ್ಜೆಂಟಿತ್ತು, ಹಿಂದಿನ ಕೋಣೆಯ ಗುಂಡಿಮಗ್ಗಕ್ಕೆ ಇಳಿದು ಕಾಲುಮಣೆ ತುಳಿಯುತ್ತಾ ನೇಯುತ್ತಿದ್ದೆ. ನೀನು ಎರಡು ಗೋಲು ಹೊಡೆದೆ. ಅಷ್ಟು ಸಾಕಾಯಿತು ಅಮ್ಮನಿಗೆ. ಮುಂದಿನ ಭಾನುವಾರ ನಾನು ಟಿವಿ ಮುಂದೆ ಕೂರಲು ಹೋದರೆ, "ಸಾಮೀ, ನೀ ಗುಂಡಿಗೆ ಇಳಿಯೇ, ಹುಡುಗ ಗೆಲ್ಲಲಿ" ಎಂದು ಕೈಮುಗಿದಳು. ಐದನೆಯ ಪಂದ್ಯದಲ್ಲಿ ನೀರು ಕುಡಿಯಲು ಎದ್ದು ಬಂದೆ, ಆ ಹೊತ್ತಿಗೇ ಎದುರಿನವರು ಸಮ ಮಾಡಿದರು. ಅಲ್ಲಿಗೆ ನನ್ನ ಹಣೆಬರಹಕ್ಕೆ ಮೊಹರು ಬಿತ್ತು. ಈಗ ನೀರಿನ ಚೊಂಬನ್ನು ಮೊದಲೇ ತಂದು ಗುಂಡಿಯ ಪಕ್ಕ ಇಡುತ್ತಾಳೆ. ಮಗ್ಗದ ಸದ್ದು ನಿಂತರೆ ಗೋಡೆ ಬಡಿಯುತ್ತಾಳೆ. ನಮ್ಮ ಕುಲದವರು ಮಗ್ಗವನ್ನೇ ದೇವರೆನ್ನುತ್ತೇವಲ್ಲ, ಆ ದೇವರನ್ನು ನಿನ್ನ ತಂಡಕ್ಕೆ ಹನ್ನೆರಡನೆಯ ಆಟಗಾರ ಮಾಡಿ, ನನ್ನನ್ನು ಅದರ ಕಾಲು ಮಾಡಿಟ್ಟಿದ್ದಾಳೆ.

ಹೊರಗೆ ನಡುಮನೆಯಲ್ಲಿ ಸೋಮಸುಂದರಂ ಮಾಮ ತನ್ನ ದೊಡ್ಡ ಟಿವಿ ತಂದಿಟ್ಟಿದ್ದಾರೆ. ನಲವತ್ತು ಜನ, ಚಹಾ, ಮುರುಕು, ಶಿಳ್ಳೆ. ಒಳಗೆ ನಾನು, ಲಾಳಿ, ಗೋಡೆ. ಗೋಲಾದರೆ ನನಗೆ ಗೊತ್ತಾಗುವುದು ಕಿರುಚಾಟದಿಂದ. ಯಾರು ಹೊಡೆದದ್ದು ಎಂದು ಕೂಗಿ ಕೇಳಬೇಕು. "ನಮ್ಮ ದೀನಾನೇ!" ಎನ್ನುತ್ತಾಳೆ ಅಮ್ಮ, ಹೊಡೆದದ್ದು ಯಾರೇ ಆಗಲಿ. ಅವಳ ಲೆಕ್ಕದಲ್ಲಿ ನೀನು ಈ ಸಲ ಮೂವತ್ತು ಗೋಲು ಹೊಡೆದಿದ್ದೀಯ. ಪೇಪರು ಹನ್ನೊಂದು ಎನ್ನುತ್ತದೆ. ಪೇಪರಿನವರಿಗೆ ಕಣ್ಣಿಲ್ಲ ಎಂದು ಬೈಯುತ್ತಾಳೆ.

ಹೇಳಿಯೇಬಿಡುತ್ತೇನೆ ದೀನಾ, ಸುತ್ತಿ ಬಳಸಿ ಏಕೆ? ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು. ಇವತ್ತು ನಿನ್ನೆಯದಲ್ಲ, ಹದಿನಾಲ್ಕು ವರ್ಷದ್ದು. ನೇಕಾರರ ಸೊಸೈಟಿ ಮುಂದೆ ನಿನ್ನ ಫ್ಲೆಕ್ಸ್ ಕಟ್ಟಿದ್ದಾರೆ, ಆಳೆತ್ತರ. ಕೆಳಗೆ ಶುಭ ಕೋರುವವರ ಸಾಲಿನಲ್ಲಿ ಅಮ್ಮನ ಹೆಸರಿದೆ, ಮಾಮನ ಹೆಸರಿದೆ, ಚೆಂಡನ್ನು ಕೈಯಲ್ಲೂ ಹಿಡಿಯದ ನಿನ್ನ ಭಾವನ ಹೆಸರೂ ಇದೆ. ನನ್ನದಿಲ್ಲ. ದಿನಾ ರೇಷ್ಮೆ ತರಲು ಅದರ ಕೆಳಗೇ ಹೋಗಬೇಕು. ನೀನು ನಗುತ್ತಿರುತ್ತೀಯ, ನಾನು ಚೀಲ ಹೊತ್ತು ತಲೆ ತಗ್ಗಿಸಿ ದಾಟುತ್ತೇನೆ. ಹಿತ್ತಲ ಗಿಡ ಮದ್ದಲ್ಲ ಅಂತ ದೊಡ್ಡವರು ಸುಮ್ಮನೆ ಹೇಳಲಿಲ್ಲ.

ನೀನು ಗೋಲು ಹೊಡೆಯುವ ಆ ಎಡಗಾಲು ಯಾರದು? ಭವಾನಿ ಹೊಳೆಯ ದಂಡೆಯಲ್ಲಿ ನಿನ್ನನ್ನು ನಿಲ್ಲಿಸಿ, ಬಲಗಾಲಿಗೆ ನನ್ನ ದಾವಣಿಯ ತುದಿ ಕಟ್ಟಿ ಹಿಡಿದುಕೊಂಡು, ಎಡಗಾಲಲ್ಲಿ ಮಾತ್ರ ಒದಿ ಎಂದು ದಿನಕ್ಕೆ ಇನ್ನೂರು ಸಲ ಒದೆಸಿದವಳು ಯಾರು? ನೀನು ಅಳುತ್ತಿದ್ದೆ, ನಾನು ಬಿಡುತ್ತಿರಲಿಲ್ಲ. ಆಗ ಜಿಲ್ಲಾ ತಂಡದಲ್ಲಿ ಎಡಗಡೆ ಆಡುತ್ತಿದ್ದವಳು ನಾನು. ರಾಜ್ಯದ ಕ್ಯಾಂಪಿಗೆ ಪತ್ರ ಬಂದದ್ದೂ ನನಗೆ. ಅದೇ ತಿಂಗಳು ಅಪ್ಪನ ಕಣ್ಣು ಮಂಜಾಯಿತು, ಎಳೆ ಕಾಣದಾಯಿತು. ಮಗ್ಗ ಖಾಲಿ ಬಿಡಬಾರದು ಎಂದರು. ಇಬ್ಬರಲ್ಲಿ ಒಬ್ಬರು ಇಳಿಯಬೇಕಿತ್ತು. ನಿನಗೆ ಹನ್ನೊಂದು, ನನಗೆ ಹದಿನೇಳು. "ನಿನ್ನ ಕಾಲು ಗಟ್ಟಿ ಇದೆ ಮಗಳೇ, ಮಗ್ಗ ತುಳಿಯೋಕೆ ಸರಿ" ಎಂದರು ಅಪ್ಪ. ಹೊಗಳಿಕೆ ಎಂದುಕೊಂಡು ಇಳಿದೆ. ಇಲ್ಲಿವರೆಗೂ ತುಳಿಯುತ್ತಿದ್ದೇನೆ. ಮದುವೆಯಾಗಿ ನಾಲ್ಕು ಮನೆ ಆಚೆ ಹೋದರೂ ಬೆಳಗಾದರೆ ಅದೇ ಗುಂಡಿ. ಅಪ್ಪನ ಮೇಲೆ ಕೋಪವಿಲ್ಲ, ಹೋದವರ ಮೇಲೆ ಕೋಪ ಇಟ್ಟುಕೊಂಡು ಏನು ಮಾಡಲಿ? ಎಲ್ಲ ನಿನ್ನ ಮೇಲೇ ಬರುತ್ತದೆ. ನೀನು ದೂರ ಇರುವುದೇ ಒಳ್ಳೆಯದಾಯಿತು.

ಈಗ ನಿನ್ನೆಯ ವಿಷಯ. ಗೆದ್ದಿದ್ದರೆ ನಿನ್ನೆಯೇ ನಿಮ್ಮ ತಂಡ ಮೇಲಿನ ಲೀಗಿಗೆ ಏರಿಬಿಡುತ್ತಿತ್ತು, ಗೊತ್ತು. ಒಂದು ಒಂದು ಸಮವಿತ್ತು, ಮುಗಿಯಲು ಹತ್ತು ನಿಮಿಷವಿತ್ತು. ಹೊರಗೆ ಇದ್ದಕ್ಕಿದ್ದಂತೆ ಎಲ್ಲರೂ ಎದ್ದು ನಿಂತ ಸದ್ದು. "ಪೆನಾಲ್ಟಿ! ನಮ್ಮ ದೀನಾನೇ ಹೊಡೀತಾನೆ! ಶೋಭನಾ, ತುಳಿಯೇ, ನಿಲ್ಲಿಸಬೇಡ!" ಎಂದು ಅಮ್ಮ ಗೋಡೆ ಬಡಿದಳು. ತುಳಿಯುತ್ತಲೇ ಇದ್ದೆ. ಆ ಕ್ಷಣ ನನಗೆ ಏನಾಯಿತೋ. ಅವನು ಅಲ್ಲಿ ನನ್ನ ಕಾಲಲ್ಲಿ ಹೊಡೆಯುತ್ತಾನೆ, ಇಲ್ಲಿ ಅವನಿಗಾಗಿ ನಾನು ಅದೇ ಕಾಲಲ್ಲಿ ತುಳಿಯಬೇಕು, ನೋಡುವಂತೆಯೂ ಇಲ್ಲ ಎನ್ನಿಸಿತು. ಮೈಯೆಲ್ಲ ಉರಿದುಹೋಯಿತು. ಒಂದು ದಿನವಾದರೂ ಸೋಲಲಿ ಎಂದುಕೊಂಡೇ ಎದ್ದೆ. ಮರೆತು ಎದ್ದದ್ದಲ್ಲ, ಬೇಕೆಂದೇ ಎದ್ದದ್ದು. ಹೋಗಿ ಬಾಗಿಲಲ್ಲಿ, ಎಲ್ಲರ ಬೆನ್ನ ಹಿಂದೆ ನಿಂತೆ. ನೀನು ಓಡಿಬಂದೆ, ಹೊಡೆದೆ, ಗೋಲು ಕಾಯುವ ಗೋಲಿ ಹಿಡಿದುಬಿಟ್ಟ.

ರೆಪ್ಪೆ ಬಡಿಯುವಷ್ಟು ಹೊತ್ತು ನನಗೆ ಸಂತೋಷವಾಯಿತು. ಸುಳ್ಳು ಹೇಳುವುದಿಲ್ಲ. ಆಮೇಲೆ ನೀನು ಅಂಗಿಯನ್ನು ಮುಖಕ್ಕೆ ಎಳೆದುಕೊಂಡು ಕೂತುಬಿಟ್ಟೆ, ಹೊಳೆಯ ದಂಡೆಯಲ್ಲಿ ಅಳುವಾಗ ಮಾಡುತ್ತಿದ್ದ ಹಾಗೆಯೇ. ನನ್ನ ಸಂತೋಷ ಎಲ್ಲಿ ಹೋಯಿತೋ ಗೊತ್ತಿಲ್ಲ. ಅಷ್ಟರಲ್ಲಿ ಅಮ್ಮ ತಿರುಗಿ ನೋಡಿದಳು. ನಲವತ್ತು ಜನವೂ ತಿರುಗಿದರು. ಅಮ್ಮ "ಕೂಡಿ ಹುಟ್ಟಿದವಳೇ ಹೀಗೆ ಮಾಡಿದರೆ!" ಎಂದು ನೆಲಕ್ಕೆ ಕುಸಿದು ಅತ್ತಳು. ಕಾಲು ನೋವು, ಎದ್ದೆ ಎಂದು ಸುಳ್ಳು ಹೇಳಿದೆ. ನಿನಗೆ ನಿಜ ಬರೆಯುತ್ತಿದ್ದೇನೆ. ಮಗ್ಗ ನಿಂತದ್ದಕ್ಕೆ ಚೆಂಡು ನಿಂತಿತು ಎಂದು ನಾನು ನಂಬುವವಳಲ್ಲ. ಆದರೂ ಸೋಲಲಿ ಎಂದು ಎದ್ದವಳು ನಾನೇ ತಾನೇ? ಅದಕ್ಕೆ ಕ್ಷಮಿಸು. ಹೊಟ್ಟೆಕಿಚ್ಚಿಗೆ ಕ್ಷಮೆ ಕೇಳುವುದಿಲ್ಲ, ಅದು ನನ್ನ ಸ್ವಂತದ್ದು.

ಈಗ ಉಳಿದದ್ದು ಬರುವ ಭಾನುವಾರದ ಕೊನೆಯ ಪಂದ್ಯ, ಗೆಲ್ಲಲೇಬೇಕಾದದ್ದು. ಅಮ್ಮ ಇವತ್ತು ಬೆಳಗ್ಗೆಯೇ ಮಗ್ಗಕ್ಕೆ ಬೇವಿನಸೊಪ್ಪು, ನಿಂಬೆಹಣ್ಣು ಕಟ್ಟಿ, ಚೌಡಮ್ಮನ ಕುಂಕುಮ ಇಟ್ಟಿದ್ದಾಳೆ. ಶುರುವಿನಿಂದ ಕೊನೆಯವರೆಗೆ ಮೇಲೇಳುವುದಿಲ್ಲ ಎಂದು ನನ್ನಿಂದ ಕರ್ಪೂರದ ಮೇಲೆ ಆಣೆ ಮಾಡಿಸಲು ನೋಡಿದಳು. ಒಲೆಯ ಮೇಲೆ ಹಾಲಿದೆ ಎಂದು ಓಡಿಬಂದೆ. ಆಣೆ ಮಾಡಲಿಲ್ಲ, ಅದನ್ನು ನೆನಪಿಡು.

ಹೊತ್ತಿಗೆ ಸರಿಯಾಗಿ ಉಣ್ಣು, ಹಿಮ್ಮಡಿಗೆ ಬಿಸಿನೀರಿನ ಕಾವು ಕೊಡು. ಅಮ್ಮ ನಿನ್ನ ತಲೆ ಮೇಲೆ ಎರಡೂ ಕೈ ಇಟ್ಟಿದ್ದಾಳೆ ಎಂದು ಬರೆಯಲು ಹೇಳಿದಳು, ಬರೆದಿದ್ದೇನೆ. ಭಾವ ನಿನ್ನ ಕ್ಷೇಮ ಕೇಳಿದ್ದಾರೆ. ತಾಯಿ ಚೌಡಮ್ಮ ನಿನ್ನ ಕಾಲು ಕಾಯಲಿ.

ನಿನ್ನನ್ನು ಕಂಡರೆ ಉರಿಯುವ, ನೀನಿಲ್ಲದೆ ಆಗದ
ಅಕ್ಕ,
ಶೋಭನಾ

ಮರೆತೆ, ಮುಖ್ಯವಾದದ್ದೇ ಉಳಿಯಿತು. ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು, ನಿಂತೇ ಗೀಚುತ್ತಿದ್ದೇನೆ. ನಿನ್ನೆ ಬಾಗಿಲಲ್ಲಿ ನಿಂತಾಗ ಒಂದು ಕಂಡೆ. ನೀನು ಹೊಡೆಯುವ ಮೊದಲೇ ನಿನ್ನ ಊರುವ ಕಾಲು, ಆ ಬಲಗಾಲಿನ ತುದಿ, ಚೆಂಡು ಹೋಗುವ ಮೂಲೆಗೆ ತಿರುಗಿಬಿಟ್ಟಿತ್ತು. ಗೋಲಿ ನಿನ್ನ ಮುಖ ನೋಡಲೇ ಇಲ್ಲ, ಆ ಪಾದವನ್ನೇ ನೋಡುತ್ತಿದ್ದ. ನಿನ್ನ ಕೋಚಿಗೂ ಅದು ಕಂಡಿಲ್ಲವೇನೋ, ಕಾಲು ನೋಡಿ ಬದುಕುವವಳಿಗೆ ಕಂಡಿತು. ಬಲಪಾದವನ್ನು ನೇರ ಗೋಲಿಯ ಕಡೆಗೇ ಊರು, ಆಮೇಲೆ ಸೊಂಟದಿಂದ ತಿರುಗಿಸು. ಭಾನುವಾರದೊಳಗೆ ಇನ್ನೂರು ಸಲ, ಅಳಬೇಡ. ಇನ್ನೊಂದು: ಶುಕ್ರವಾರ ರಾತ್ರಿಯ ರೈಲಿಗೆ ಕೊಲ್ಹಾಪುರಕ್ಕೆ ಹೊರಡುತ್ತೇನೆ. ಅಮ್ಮನಿಗೆ ಗೊತ್ತಿಲ್ಲ. ಶೋಭನಾ ರೇಷ್ಮೆ ತರಲು ಪರವೂರಿಗೆ ಹೋಗಿದ್ದಾಳೆ, ಪಂದ್ಯದ ಹೊತ್ತಿಗೆ ಬಂದು ಹಿಂದಿನ ಬಾಗಿಲಿಂದ ಗುಂಡಿಗೆ ಇಳಿಯುತ್ತಾಳೆ ಎಂದು ಶನಿವಾರ ಬಂದು ಅವಳಿಗೆ ಹೇಳುವ ಕೆಲಸ ಭಾವನದು. ಸದ್ದು ಬರಬೇಕಲ್ಲ, ಅದಕ್ಕೆ ಅವರೇ ಒಳಗೆ ಅಗುಳಿ ಹಾಕಿಕೊಂಡು ಮಗ್ಗಕ್ಕೆ ಇಳಿಯುತ್ತಾರೆ. ಸೀರೆ ಹಾಳಾದರೆ ಆಗಲಿ. ನನಗೊಂದು ಟಿಕೆಟ್ ತೆಗೆದಿಡು, ಗೋಲಿನ ಹಿಂದೆಯೇ ಇರಲಿ. ಸೋತರೆ ನಾನು ಮಗ್ಗದಲ್ಲಿ ಇರಲಿಲ್ಲ ಎಂದು ಅಮ್ಮನಿಗೆ ನಾನೇ ಹೇಳಿ, ಬೈಸಿಕೊಳ್ಳುತ್ತೇನೆ. ಗೆದ್ದರೆ, ಅಕ್ಕ ನೋಡುತ್ತಿದ್ದಾಗಲೇ ಗೆದ್ದೆ ಎಂದು ನೀನು ಹೇಳಬೇಕು. ನಾನು ಹೇಳಿದರೆ ಅವಳು ನಂಬುವುದಿಲ್ಲ.